ಹಳೆಯ ಕಾರಿನ ಚಾರ್ಜಿಂಗ್ ಮೀಟರು: ಮುಳ್ಳು ಹೇಳುವುದೇನು, ಹೇಳದೆ ಬಿಡುವುದೇನು

ಹಳೆಯ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಜನ ಅತಿ ಹೆಚ್ಚು ತಪ್ಪಾಗಿ ಓದುವ ಮೀಟರೆಂದರೆ ಚಾರ್ಜಿಂಗ್ ಮೀಟರು, ಅಂದರೆ ಕರೆಂಟಿನ ಹರಿವು ತೋರಿಸುವ ಆಂಪ್‌ಮೀಟರ್. ಮುಳ್ಳು ಸೊನ್ನೆಯ ಹತ್ತಿರ ಬಂದು ನಿಂತರೆ ‘ಡೈನಮೊ ಹೋಯ್ತು’ ಎಂದು, ಎಂಜಿನ್ ಬಲದಿಂದ ಕರೆಂಟು ಹುಟ್ಟಿಸುವ ಆ ಯಂತ್ರವನ್ನೇ ಬಿಚ್ಚಿಸುವವರಿದ್ದಾರೆ. ಮುಳ್ಳು ಸದಾ ಪ್ಲಸ್ ಕಡೆಗೇ ವಾಲಿದ್ದರೆ ‘ಒಳ್ಳೇ ಚಾರ್ಜ್ ಆಗ್ತಿದೆ’ ಎಂದು ಖುಷಿಪಡುವವರೂ ಇದ್ದಾರೆ. ಬಹಳ ಸಲ ವಿಷಯ ತಿರುಗಾಮುರುಗಾ ಇರುತ್ತದೆ. ಮೊದಲನೆಯವರ ಗಾಡಿ ಸರಿಯಾಗಿಯೇ ಇದೆ, ಎರಡನೆಯವರ ಬ್ಯಾಟರಿ ಒಳಗೊಳಗೇ ಹಾಳಾಗುತ್ತಿದೆ.

ಇಲ್ಲಿ ಬರೆಯುವುದು ಹೆಚ್ಚಾಗಿ ಲ್ಯೂಕಾಸ್ ಕಂಪನಿಯ ವಿದ್ಯುತ್ ಸಾಮಾನು ಹಾಕಿದ 12 ವೋಲ್ಟಿನ ಬ್ರಿಟಿಷ್ ಗಾಡಿಗಳ ಬಗ್ಗೆ: ಮಾರಿಸ್ ಮೈನರ್, ಎಂಜಿ, ಜಾಗ್ವಾರ್ ತರಹದವು. ಓದುವ ಕ್ರಮ ಮಾತ್ರ ವಿಲ್ಲಿಸ್ ಜೀಪಿಗೂ ಅಮೆರಿಕದ ಕಾರುಗಳಿಗೂ ಹೊಂದುತ್ತದೆ.

ಆಂಪ್‌ಮೀಟರ್ ಎಲ್ಲಿ ಕೂತಿದೆ ಎಂಬುದು ತಿಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಬ್ಯಾಟರಿಯ ಲೈವ್ ಕೇಬಲ್ ಮೊದಲು ಸ್ಟಾರ್ಟರ್ ಸೊಲೆನಾಯ್ಡಿಗೆ (ಸೆಲ್ಫ್ ಮೋಟರಿನ ದೊಡ್ಡ ಸ್ವಿಚ್ಚು) ಬರುತ್ತದೆ. ಅಲ್ಲಿಂದ ಸೆಲ್ಫ್ ಮೋಟರಿಗೆ ದಪ್ಪ ಕೇಬಲ್ ಬೇರೆ ಹೋಗುತ್ತದೆ, ಉಳಿದ ಇಡೀ ಗಾಡಿಗೆ ಒಂದು ಕಂದು ಬಣ್ಣದ ವೈರು ಹೊರಡುತ್ತದೆ. ಆ ವೈರಿನ ನಡುವೆ ಆಂಪ್‌ಮೀಟರ್. ಮೀಟರಿನ ಆಚೆ ಬದಿಗೆ ಡೈನಮೊದ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಡಬ್ಬಿ, ಇಗ್ನಿಷನ್ ಸ್ವಿಚ್, ಲೈಟ್ ಸ್ವಿಚ್ ಎಲ್ಲ. ಹಾಗಾಗಿ ಡೈನಮೊ ಕೊಟ್ಟ ಕರೆಂಟು ಮೊದಲು ಇಗ್ನಿಷನ್ ಕಾಯಿಲ್, ಲೈಟು, ವೈಪರುಗಳಿಗೆ ಹೋಗಿ, ಮಿಕ್ಕಿದ್ದು ಮಾತ್ರ ಮೀಟರ್ ದಾಟಿ ಬ್ಯಾಟರಿಗೆ ಬರುತ್ತದೆ. ಡೈನಮೊಗೆ ಪೂರೈಸಲು ಆಗದಿದ್ದಾಗ ಬ್ಯಾಟರಿಯ ಕರೆಂಟು ಅದೇ ಮೀಟರಿನಲ್ಲಿ ಎದುರು ದಿಕ್ಕಿಗೆ ಹರಿಯುತ್ತದೆ. ಬ್ಯಾಟರಿಗೆ ಎಷ್ಟು ಹೋಗುತ್ತಿದೆ, ಬ್ಯಾಟರಿಯಿಂದ ಎಷ್ಟು ಬರುತ್ತಿದೆ, ಇಷ್ಟೇ ಮುಳ್ಳು ತೋರಿಸುವುದು. ಡೈನಮೊ ಒಟ್ಟು ಎಷ್ಟು ಹುಟ್ಟಿಸುತ್ತಿದೆ ಎಂಬ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಸೆಲ್ಫ್ ಎಳೆಯುವ 150ರಿಂದ 200 ಆಂಪಿಯರ್ ಈ ದಾರಿಯಲ್ಲಿ ಬರುವುದೇ ಇಲ್ಲ. ಬಂದರೆ 30 ಆಂಪಿಯರಿನ ಮೀಟರು ಒಂದೇ ಸಲಕ್ಕೆ ಸುಟ್ಟುಹೋಗುತ್ತದೆ.

ಈಗ ಸಣ್ಣ ಲೆಕ್ಕ. ಸೆಲ್ಫ್ 200 ಆಂಪಿಯರ್‌ನಂತೆ 2 ಸೆಕೆಂಡು ತಿರುಗಿತು ಎನ್ನಿ. ಬ್ಯಾಟರಿಯಿಂದ ಹೋದದ್ದು 400 ಆಂಪಿಯರ್-ಸೆಕೆಂಡು. 10 ಆಂಪಿಯರ್‌ನಲ್ಲಿ ಇದನ್ನು ವಾಪಸ್ ತುಂಬಲು 40 ಸೆಕೆಂಡು ಸಾಕು. ಬ್ಯಾಟರಿಯಲ್ಲಾಗುವ ನಷ್ಟ ಸೇರಿಸಿದರೂ ಒಂದು ನಿಮಿಷದ ಮಾತು. ಕೊನೆಯ ಪಾಲನ್ನು ಬ್ಯಾಟರಿ ನಿಧಾನಕ್ಕೆ ತೆಗೆದುಕೊಳ್ಳುವುದರಿಂದ ಮುಳ್ಳು ಪೂರ್ತಿ ಇಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿ ಹೊರಟಾಗ ಮುಳ್ಳು 10-15ಕ್ಕೆ ಏರಿ, ಹತ್ತು ಹದಿನೈದು ನಿಮಿಷದಲ್ಲಿ 1-2ಕ್ಕೆ ಇಳಿದು ನಿಂತರೆ ಗಾಡಿ ಆರೋಗ್ಯವಾಗಿದೆ. ಬ್ಯಾಟರಿ ತುಂಬಿದೆ, ಬೇಡ ಎನ್ನುತ್ತಿದೆ, ರೆಗ್ಯುಲೇಟರು ಆ ಮಾತು ಕೇಳುತ್ತಿದೆ. ಸೊನ್ನೆಗೆ ಕೂದಲೆಳೆಯಷ್ಟು ಮೇಲೆ ನಿಂತ ಮುಳ್ಳು ಈ ಮೀಟರು ಕೊಡುವ ಅತ್ಯುತ್ತಮ ಸುದ್ದಿ.

ರಾತ್ರಿಯ ಓದು ಬೇರೆ. ಹೆಡ್‌ಲೈಟು 45 ವ್ಯಾಟಿನವು ಎರಡು, 7.5 ಆಂಪಿಯರ್. ಪಾರ್ಕಿಂಗ್, ಹಿಂದಿನ ದೀಪ, ನಂಬರ್ ಪ್ಲೇಟು, ಮೀಟರ್ ದೀಪ ಸೇರಿ ಎರಡೂವರೆ. ಕಾಯಿಲ್ ಮೂರು, ವೈಪರ್ ಮೂರು. ಒಟ್ಟು 16. ಲ್ಯೂಕಾಸ್ ಸಿ39 ಡೈನಮೊದ ಪೂರ್ತಿ ಶಕ್ತಿ 19 ಆಂಪಿಯರ್, ಸಿ40ರದ್ದು 22. ಆಗುಂಬೆಯ ಮಳೆಯಲ್ಲಿ ರಾತ್ರಿ ಹೊರಟರೆ ಸಿ39 ಇರುವ ಗಾಡಿಯ ಬ್ಯಾಟರಿಗೆ ಉಳಿಯುವುದು ಮೂರೇ ಆಂಪಿಯರ್, ಅದೂ ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗ. ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್‌ನಲ್ಲಿ ಡೈನಮೊ ಹೆಚ್ಚುಕಮ್ಮಿ ಏನನ್ನೂ ಕೊಡುವುದಿಲ್ಲ. ಆಗ ಮುಳ್ಳು ಮೈನಸ್ 10ರಾಚೆಗೆ ಬೀಳುವುದು ಸಹಜ, ದೋಷ ಅಲ್ಲ. ಗಾಡಿ ಓಡತೊಡಗಿದ ಮೇಲೂ ಮೈನಸ್‌ನಲ್ಲೇ ಉಳಿದರೆ ನೋಡಬೇಕು. 60/55 ವ್ಯಾಟಿನ ಹ್ಯಾಲೊಜೆನ್ ಬಲ್ಬ್ ಹಾಕಿಸಿ ಹೈ ಬೀಮಿನಲ್ಲಿ ಓಡಿಸಿದರೆ ಹೆಡ್‌ಲೈಟ್ ಒಂದೇ 10 ಆಂಪಿಯರ್ ತಿನ್ನುತ್ತದೆ. ಸಿ39 ಅಲ್ಲಿಗೆ ಕೈಚೆಲ್ಲುತ್ತದೆ.

ವೋಲ್ಟ್‌ಮೀಟರ್ ಕೇಳುವ ಪ್ರಶ್ನೆಯೇ ಬೇರೆ. ಅದು ಹರಿವನ್ನು ಅಳೆಯುವುದಿಲ್ಲ, ಒತ್ತಡವನ್ನು ಅಳೆಯುತ್ತದೆ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಚಾರ್ಜರ್ ಹಾಕುವ ಹೊತ್ತಾಯಿತು. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಬಿಸಿಯಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಕಡಿಮೆ. 20 ಡಿಗ್ರಿಗೂ 40 ಡಿಗ್ರಿಗೂ ಸುಮಾರು ಅರ್ಧ ವೋಲ್ಟ್ ವ್ಯತ್ಯಾಸ ಬರುತ್ತದೆ. ಇಂಗ್ಲೆಂಡಿನ ಚಳಿಗೆ ಹೊಂದಿಸಿದ ರೆಗ್ಯುಲೇಟರನ್ನು ರಾಯಚೂರಿನ ಏಪ್ರಿಲ್ ಬಿಸಿಲಿಗೆ ಹಾಗೇ ಬಿಟ್ಟರೆ ಬ್ಯಾಟರಿಯ ನೀರು ಬೇಗ ಇಂಗುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡುವುದು ಒಳ್ಳೆಯದು.

ಜಾಗ್ವಾರ್ ಇ-ಟೈಪ್‌ನ ಮೊದಲ ಸರಣಿಯಲ್ಲಿ ಆಂಪ್‌ಮೀಟರ್ ಇತ್ತು, 1968ರಲ್ಲಿ ಬಂದ ಎರಡನೇ ಸರಣಿಯಲ್ಲಿ ಅದೇ ಜಾಗಕ್ಕೆ ವೋಲ್ಟ್‌ಮೀಟರ್ ಬಂತು. ಆ ಕಾಲದ ಸ್ಮಿತ್ಸ್ ಕಂಪನಿಯ ವೋಲ್ಟ್‌ಮೀಟರುಗಳಲ್ಲಿ ಬಹಳಷ್ಟು ಬಿಸಿಯಾದ ಲೋಹದ ಪಟ್ಟಿ ಬಾಗುವುದರಿಂದ ಮುಳ್ಳು ತಿರುಗುವ ಬಗೆಯವು. ಕೀ ತಿರುಗಿಸಿ ಅರ್ಧ ನಿಮಿಷವಾದರೂ ಕಾಯದೆ ಅದನ್ನು ಓದಬಾರದು.

ಎರಡು ಮೀಟರುಗಳ ಮಾತನ್ನು ಒಟ್ಟಿಗೆ ಕೇಳಿದರೆ ಮಾತ್ರ ದೋಷ ಎಲ್ಲಿದೆ ಎಂದು ಹೇಳಲು ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆಂಪ್‌ಮೀಟರ್ ಇದ್ದರೆ ಒಂದು ಸಾಧಾರಣ ಮಲ್ಟಿಮೀಟರನ್ನು ಬ್ಯಾಟರಿ ಟರ್ಮಿನಲ್‌ಗೆ ಹಿಡಿಯಿರಿ, ಎರಡೂ ಸಿಕ್ಕಂತಾಯಿತು. ಅರ್ಧ ಗಂಟೆ ಓಡಿಸಿದ ಮೇಲೂ ಮುಳ್ಳು ಪ್ಲಸ್ 15ರಲ್ಲೇ ಇದೆ, ವೋಲ್ಟ್ ಮಾತ್ರ 13ರ ಆಸುಪಾಸು ಎಂದರೆ ಬ್ಯಾಟರಿ ಎಷ್ಟು ಕೊಟ್ಟರೂ ನುಂಗುತ್ತಿದೆ, ಒತ್ತಡ ಏರುತ್ತಿಲ್ಲ. ಒಂದು ಸೆಲ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿ: ತುಂಬಿದ ಸೆಲ್ 1.260ರಿಂದ 1.280 ತೋರಿಸಬೇಕು, ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಬ್ಯಾಟರಿ ಬದಲಿಸಿ. ಡೈನಮೊ ಮುಟ್ಟಬೇಡಿ. ಅದೇ ಮುಳ್ಳು ಪ್ಲಸ್ 8ರಲ್ಲಿದ್ದು ವೋಲ್ಟ್ 15 ದಾಟಿದ್ದರೆ ತಪ್ಪು ರೆಗ್ಯುಲೇಟರಿನದು. ಬ್ಯಾಟರಿ ಕುದಿಯುತ್ತದೆ, ಆಸಿಡ್ ವಾಸನೆ ಬರುತ್ತದೆ, ಬಲ್ಬುಗಳು ಒಂದಾದ ಮೇಲೊಂದು ಹೋಗುತ್ತವೆ. ರೇಸ್ ಕೊಟ್ಟರೂ ಮುಳ್ಳು ಸೊನ್ನೆಯಲ್ಲಿ ಅಥವಾ ಮೈನಸ್‌ನಲ್ಲಿ, ವೋಲ್ಟ್ 12.2ರಲ್ಲಿ ನಿಂತಿದ್ದರೆ ಚಾರ್ಜ್ ಬರುತ್ತಿಲ್ಲ. ಆಗ ಮೊದಲು ಫ್ಯಾನ್ ಬೆಲ್ಟ್ ಒತ್ತಿ ನೋಡಿ. ಉದ್ದನೆಯ ಭಾಗದ ನಡುವೆ ಬೆರಳಲ್ಲಿ ಒತ್ತಿದರೆ 12-13 ಮಿ.ಮೀ. ಬಾಗಬೇಕು.

ಬೆಲ್ಟ್ ಸರಿಯಿದ್ದರೆ ಡೈನಮೊವನ್ನು ಗಾಡಿಯಲ್ಲಿಟ್ಟೇ ಪರೀಕ್ಷಿಸಬಹುದು. ಡೈನಮೊದ ಡಿ (ಕರೆಂಟು ಹೊರಬರುವುದು) ಮತ್ತು ಎಫ್ (ಫೀಲ್ಡ್ ಕಾಯಿಲಿನದು) ಟರ್ಮಿನಲ್‌ಗಳಿಂದ ಎರಡೂ ವೈರು ಬಿಚ್ಚಿ. ಡಿ ವೈರು ಕಂದು-ಹಳದಿ, ಎಫ್ ವೈರು ಕಂದು-ಹಸಿರು. ಎರಡು ಟರ್ಮಿನಲ್‌ಗಳನ್ನು ತುಂಡು ವೈರಿನಿಂದ ಜೋಡಿಸಿ, ಆ ಜೋಡಣೆಗೂ ಡೈನಮೊ ಬಾಡಿಗೂ ನಡುವೆ ವೋಲ್ಟ್‌ಮೀಟರ್ ಹಿಡಿದು, ಐಡ್ಲಿಂಗ್‌ನಿಂದ ನಿಧಾನಕ್ಕೆ ರೇಸ್ ಕೊಡಿ. ವೋಲ್ಟೇಜು ತಡವರಿಸದೆ ಏರಬೇಕು. 20 ವೋಲ್ಟ್ ತಲುಪುತ್ತಿದ್ದಂತೆ ಬಿಟ್ಟುಬಿಡಿ, ಇನ್ನೂ ಏರಿಸಿದರೆ ಡೈನಮೊದೊಳಗಿನ ಕಾಯಿಲ್ ಸುಡುತ್ತದೆ. ಏನೂ ಬಾರದಿದ್ದರೆ ಕಾರ್ಬನ್ ಬ್ರಷ್ ಅಂಟಿಕೊಂಡಿದೆ ಇಲ್ಲವೇ ಸವೆದಿದೆ. ಅರ್ಧದಿಂದ ಒಂದು ವೋಲ್ಟ್ ಮಾತ್ರ ಬಂದರೆ ಅದು ಕಬ್ಬಿಣದಲ್ಲಿ ಉಳಿದ ಕಾಂತಶಕ್ತಿಯದ್ದು, ಕಾಂತಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್ ಕೆಲಸ ಮಾಡುತ್ತಿಲ್ಲ. ನಾಲ್ಕೈದು ವೋಲ್ಟಿಗೆ ನಿಂತರೆ ಒಳಗೆ ತಿರುಗುವ ಆರ್ಮೇಚರಿನ ವೈಂಡಿಂಗ್ ಹೋಗಿದೆ. ಹಿಂಬದಿಯ ಬುಶ್‌ಗೆ ವರ್ಷಕ್ಕೆ ಒಂದೆರಡು ಸಲ ನಾಲ್ಕೈದು ಹನಿ ಎಂಜಿನ್ ಆಯಿಲ್ ಬಿಡುವವರ ಡೈನಮೊಗೆ ಇದೆಲ್ಲ ಅಷ್ಟು ಬೇಗ ಬರುವುದಿಲ್ಲ. ಅತಿಯಾಗಿ ಬಿಟ್ಟರೆ ಎಣ್ಣೆ ಬ್ರಷ್ ಉಜ್ಜುವ ಕಮ್ಯುಟೇಟರಿಗೆ ಹರಿದು ಬ್ರಷ್ ಕೆಡುತ್ತದೆ.

ಡೈನಮೊದಲ್ಲಿ ವೋಲ್ಟೇಜ್ ಇದ್ದೂ ಬ್ಯಾಟರಿಗೆ ಬರುತ್ತಿಲ್ಲವೆಂದರೆ ನಡುವಿನ ಕಟೌಟ್ ನೋಡಬೇಕು. ಲ್ಯೂಕಾಸ್ ಆರ್‌ಬಿ 106 ಎಂಬ ರೆಗ್ಯುಲೇಟರ್ ಡಬ್ಬಿಯ ಮುಚ್ಚಳ ತೆಗೆದರೆ ಎರಡು ಸುರುಳಿ ಕಾಣುತ್ತವೆ, ಒಂದು ರೆಗ್ಯುಲೇಟರು, ಇನ್ನೊಂದು ಕಟೌಟ್. ಡೈನಮೊ ವೋಲ್ಟೇಜು 12.7ರಿಂದ 13.3 ತಲುಪಿದಾಗ ಕಟೌಟ್ ಕೂಡಿಕೊಂಡು ಡೈನಮೊವನ್ನು ಬ್ಯಾಟರಿಗೆ ಸೇರಿಸುತ್ತದೆ, ಎಂಜಿನ್ ನಿಧಾನವಾದಾಗ ಬಿಡಿಸುತ್ತದೆ. ವರ್ಷಾನುಗಟ್ಟಲೆ ನಿಂತ ಗಾಡಿಗಳಲ್ಲಿ ಇದರ ಕೂಡಿ ಬಿಡುವ ಪಾಯಿಂಟ್ ಕಪ್ಪಾಗಿರುತ್ತದೆ. ಬ್ಯಾಟರಿ ಕನೆಕ್ಷನ್ ತೆಗೆದು, ನಯವಾದ ಗಾಜಿನ ಉಪ್ಪುಕಾಗದದ ಪಟ್ಟಿಯನ್ನು ಪಾಯಿಂಟುಗಳ ನಡುವೆ ಇಟ್ಟು ಹಗುರವಾಗಿ ಎಳೆದು, ಸ್ಪಿರಿಟ್‌ನಲ್ಲಿ ಒರೆಸಿ. ಎಮೆರಿ ಕಾಗದ, ಕಾರ್ಬೊರಂಡಮ್ ಇಲ್ಲಿಗೆ ಬೇಡ, ಈ ಪಾಯಿಂಟ್ ಮೆದು ಬೆಳ್ಳಿ. ರೆಗ್ಯುಲೇಟರಿನ ಪಾಯಿಂಟ್ ಗಡುಸು ಟಂಗ್ಸ್ಟನ್, ಅದಕ್ಕೆ ನಯವಾದ ಕಾರ್ಬೊರಂಡಮ್ ಕಲ್ಲೇ ಬೇಕು. ಎರಡಕ್ಕೂ ಒಂದೇ ಕಾಗದ ಉಜ್ಜಿ ಕೆಡಿಸಿದ ಡಬ್ಬಿಗಳಿಗೆ ಲೆಕ್ಕವಿಲ್ಲ.

ಆರ್‌ಬಿ 106 ಹೊಂದಿಸುವಾಗ ಆಗುವ ಇನ್ನೊಂದು ಎಡವಟ್ಟನ್ನು ಇಲ್ಲೇ ಹೇಳಬೇಕು. ಇದನ್ನು ಹೊಂದಿಸುವುದು ಬ್ಯಾಟರಿ ಭಾರ ಬಿಡಿಸಿಕೊಂಡು: ಎ (ಬ್ಯಾಟರಿ ಕಡೆಯದು) ಮತ್ತು ಎ1 (ಲೈಟು, ಇಗ್ನಿಷನ್ ಕಡೆಯದು) ವೈರುಗಳನ್ನು ಡಬ್ಬಿಯಿಂದ ಬಿಚ್ಚಿ ಒಂದಕ್ಕೊಂದು ಸೇರಿಸಿ ಟೇಪು ಸುತ್ತಿ, ಡಿ ಮತ್ತು ಇ (ಅರ್ಥ್) ನಡುವೆ ವೋಲ್ಟ್‌ಮೀಟರ್ ಹಿಡಿದು, ನಿಧಾನಕ್ಕೆ ರೇಸ್ ಕೊಟ್ಟು ಮುಳ್ಳು ಸ್ಥಿರವಾಗುವ ಜಾಗ ನೋಡಬೇಕು. 20 ಡಿಗ್ರಿಯಲ್ಲಿ ಅದು ಸುಮಾರು 16 ವೋಲ್ಟ್. ಈ ಅಂಕಿ ನೋಡಿ ಗಾಬರಿಯಾಗಿ ‘ಬ್ಯಾಟರಿ ಸುಟ್ಟೀತು’ ಎಂದು 14ಕ್ಕೆ ಇಳಿಸುವವರಿದ್ದಾರೆ. ಭಾರ ಬಿದ್ದಾಗ ಈ ರೆಗ್ಯುಲೇಟರು ತಾನೇ ವೋಲ್ಟೇಜ್ ಇಳಿಸಿಕೊಳ್ಳುವಂತೆ ಮಾಡಿದ್ದಾರೆ. 14ಕ್ಕೆ ಇಳಿಸಿದ ಡಬ್ಬಿ ಬ್ಯಾಟರಿಯನ್ನು ಎಂದೂ ತುಂಬುವುದಿಲ್ಲ. ನಂತರ ಬಂದ ಆರ್‌ಬಿ 340 ಬೇರೆ ಬಗೆ, ಅದರಲ್ಲಿ ಇದೇ ಓದು 14.5ರಿಂದ 15.5. ಅರ್ಧ ನಿಮಿಷದೊಳಗೆ ಓದಿ ಮುಗಿಸಬೇಕು, ಸುರುಳಿ ಬಿಸಿಯಾದರೆ ಅಂಕಿ ಜಾರುತ್ತದೆ.

ಕಟೌಟ್ ಪಾಯಿಂಟ್ ಅಂಟಿಕೊಂಡರೆ ಅಪಾಯ. ಎಂಜಿನ್ ಆಫ್ ಮಾಡಿದ ಮೇಲೂ ಬ್ಯಾಟರಿ ಡೈನಮೊವನ್ನು ಮೋಟರಿನಂತೆ ತಿರುಗಿಸಲು ನೋಡುತ್ತದೆ. ಕೀ ತೆಗೆದಿದೆ, ಲೈಟ್ ಆಫ್, ಮುಳ್ಳು ಮಾತ್ರ ಮೈನಸ್ 20ರಾಚೆಗೆ ಬಿದ್ದಿದೆ ಎಂದರೆ ಯೋಚಿಸುತ್ತ ನಿಲ್ಲಬೇಡಿ, ಬ್ಯಾಟರಿ ಟರ್ಮಿನಲ್ ಎಳೆದು ಬಿಡಿ. ಆಂಪ್‌ಮೀಟರ್ ಇಲ್ಲದೆ ಚಾರ್ಜಿಂಗಿನ ಕೆಂಪು ದೀಪ ಮಾತ್ರ ಇರುವ ಗಾಡಿಯಲ್ಲಿ ಇದು ಹೊಗೆ ಬರುವವರೆಗೂ ತಿಳಿಯುವುದಿಲ್ಲ. ಗಾಡಿಯಿಂದ ಇಳಿಯುವ ಮೊದಲು ಆಂಪ್‌ಮೀಟರ್ ಕಡೆ ಒಮ್ಮೆ ಕಣ್ಣು ಹಾಯಿಸುವ ಅಭ್ಯಾಸ ಬೆಳೆಸಿಕೊಳ್ಳಲು ಇದೊಂದೇ ಕಾರಣ ಸಾಕು.

ಆ ಕೆಂಪು ದೀಪಕ್ಕೆ ಡೈನಮೊ ಗಾಡಿಯಲ್ಲಿ ಒಂದು ಬದಿ ಇಗ್ನಿಷನ್, ಇನ್ನೊಂದು ಬದಿ ಡಿ ಟರ್ಮಿನಲ್. ಎರಡೂ ಕಡೆ ವೋಲ್ಟೇಜ್ ಸಮವಾದಾಗ ಆರುತ್ತದೆ. ಡೈನಮೊ ತಿರುಗಿ ವೋಲ್ಟೇಜ್ ಬಂತು ಎಂಬುದಷ್ಟೇ ಅದರ ಸುದ್ದಿ. ಚಾರ್ಜ್ ಹೆಚ್ಚಾದರೆ ಅದು ಹೇಳುವುದಿಲ್ಲ. ರೇಸ್ ಕೊಟ್ಟಷ್ಟೂ ಮಂಕಾಗಿ ಹೊತ್ತಿಕೊಳ್ಳುತ್ತಿದ್ದರೆ ಕಟೌಟ್ ಕೂಡುತ್ತಿಲ್ಲ ಎಂದು ಅನುಮಾನಿಸಿ. ಡೈನಮೊ ಬದಲು ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಇದೇ ಬಲ್ಬಿನ ಮೂಲಕ ಹರಿಯುವ ಅಲ್ಪ ಕರೆಂಟು ಅದರ ತಿರುಗುವ ಭಾಗವಾದ ರೋಟರಿನ ಕಾಂತಶಕ್ತಿಯನ್ನು ಎಬ್ಬಿಸುತ್ತದೆ. 2.2 ವ್ಯಾಟಿನ ಆ ಬಲ್ಬ್ ಹೋಗಿದ್ದರೆ ಆಲ್ಟರ್ನೇಟರ್ ಸರಿಯಿದ್ದೂ ಚಾರ್ಜ್ ಬಾರದಿರಬಹುದು. ಚೆಂದಕ್ಕೆ ಎಲ್‌ಇಡಿ ಹಾಕಿದರೂ ಇದೇ ಕಥೆ. ಎಲ್‌ಇಡಿ ಬೇಕೇ ಬೇಕೆಂದರೆ ಅದಕ್ಕೆ ಸಮಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಸೇರಿಸಿ.

ಆಂಪ್‌ಮೀಟರ್ ಅಂದಕೂಡಲೇ ಬೆಂಕಿಯ ಭಯ ಹೇಳುವವರಿದ್ದಾರೆ. ಭಯ ಸುಳ್ಳಲ್ಲ, ಕಾರಣ ಮಾತ್ರ ಮೀಟರಿಗಿಂತ ಹೆಚ್ಚಾಗಿ ಅದರ ನಟ್ಟು. ಬೆನ್ನಿನ ಬೋಲ್ಟಿನಲ್ಲಿ ನಟ್ಟು ಸಡಿಲವಾಗಿ, ಲಗ್ಗಿನ (ವೈರಿನ ತುದಿಯ ಲೋಹದ ಉಂಗುರ) ಕೆಳಗೆ ಹಸಿರು ಕಿಲುಬು ಹಿಡಿದು, ಅಲ್ಲಿ 0.02 ಓಮ್ ಅಡ್ಡಿ ಹುಟ್ಟಿತು ಎನ್ನಿ. 30 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲಿ 18 ವ್ಯಾಟ್ ಬಿಸಿ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂಥದ್ದನ್ನು ಡ್ಯಾಶ್‌ಬೋರ್ಡಿನ ಹಿಂದೆ, ಬಟ್ಟೆ ಸುತ್ತಿದ ಹಳೆಯ ವೈರುಗಳ ಮಧ್ಯೆ ಹಚ್ಚಿಟ್ಟಂತೆ. ಪೂರ್ತಿ ಕರೆಂಟನ್ನು ಮೀಟರಿಗೇ ತಂದು, ನಡುವೆ ಫೈರ್‌ವಾಲಿನ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ಪ್ಲಗ್ಗಿನ ಮೂಲಕ ಹಾಯಿಸಿದ 1960-70ರ ದಶಕದ ಕ್ರೈಸ್ಲರ್ ಗಾಡಿಗಳಲ್ಲಿ ಆ ಪ್ಲಗ್ಗುಗಳು ಕರಗುವುದು ಇದೇ ಕಾರಣಕ್ಕೆ. ಜೊತೆಗೆ ಈ ವೈರಿಗೆ ಬಹುಪಾಲು ಹಳೆಯ ಗಾಡಿಗಳಲ್ಲಿ ಫ್ಯೂಸೇ ಇಲ್ಲ. ಬೋಲ್ಟ್ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲೇ ಹರಿಯುತ್ತದೆ. ಬ್ಯಾಟರಿಯ ಅರ್ಥ್ ಕೇಬಲ್ ತೆಗೆಯದೆ ಡ್ಯಾಶ್‌ಬೋರ್ಡಿನ ಹಿಂದೆ ಸ್ಪ್ಯಾನರ್ ಹಾಕಲೇಬೇಡಿ. ಉಂಗುರದ ಲಗ್ ಸರಿಯಾಗಿ ಕ್ರಿಂಪ್ ಮಾಡಿ, ಫೈಬರ್ ವಾಷರ್ ಹೊಸದು ಹಾಕಿ, ಸ್ಪ್ರಿಂಗ್ ವಾಷರ್ ಸೇರಿಸಿ ಬಿಗಿ ಮಾಡಿ, ಮೇಲೆ ರಬ್ಬರ್ ಟೋಪಿ ತೊಡಿಸಿ. ವರ್ಷಕ್ಕೊಮ್ಮೆ ಹೆಡ್‌ಲೈಟು, ವೈಪರು ಎಲ್ಲ ಹಾಕಿ, ಮಲ್ಟಿಮೀಟರಿನ ಎರಡು ಕಡ್ಡಿಯನ್ನು ಮೀಟರಿನ ಎರಡು ಬೋಲ್ಟಿಗೆ ಬರುವ ವೈರುಗಳ ಲಗ್ಗಿಗೇ ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಬಿಚ್ಚಿ ಸ್ವಚ್ಛ ಮಾಡಿ. ಓಡುವ ಗಾಡಿ ಇದ್ದಕ್ಕಿದ್ದಂತೆ ಪೂರ್ತಿ ಸತ್ತು, ಹಾರ್ನೂ ಬಾರದೆ, ಬ್ಯಾಟರಿ ಮಾತ್ರ ಸರಿಯಿದ್ದರೆ ಮೊದಲು ಕೈ ಹಾಕಬೇಕಾದ್ದೂ ಈ ನಟ್ಟುಗಳಿಗೇ.

ಆಲ್ಟರ್ನೇಟರ್ ಹಾಕಿಸುವವರು ಇಲ್ಲಿ ನಿಂತು ಯೋಚಿಸಬೇಕು. ಲ್ಯೂಕಾಸ್ 16ಎಸಿಆರ್ 34 ಆಂಪಿಯರ್ ಕೊಡುತ್ತದೆ, 18ಎಸಿಆರ್ ಸುಮಾರು 45. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಈಚಿನ ಕಾರುಗಳ ಆಲ್ಟರ್ನೇಟರ್ ಇನ್ನೂ ದೊಡ್ಡವು. ಬ್ಯಾಟರಿ ಕೂತ ದಿನ 30 ಆಂಪಿಯರ್ ಮೀಟರಿನ ಮುಳ್ಳು ತುದಿಗೆ ಬಡಿದು ನಿಲ್ಲುತ್ತದೆ, 22 ಆಂಪಿಯರಿಗೆಂದು ಎಳೆದ ವೈರು ಬಿಸಿಯಾಗುತ್ತದೆ. ಸರಿಯಾದ ದಾರಿ ಎಂದರೆ ಆಲ್ಟರ್ನೇಟರಿನಿಂದ 6 ಚದರ ಮಿ.ಮೀ. ವೈರನ್ನು ಫ್ಯೂಸಿನೊಂದಿಗೆ ನೇರ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿಗೆ ತರುವುದು. ಹಾಗೆ ಮಾಡಿದರೆ ಆಂಪ್‌ಮೀಟರ್ ಗಾಡಿಯ ಖರ್ಚನ್ನಷ್ಟೇ ತೋರಿಸುತ್ತ ಸದಾ ಮೈನಸ್‌ನಲ್ಲಿರುತ್ತದೆ, ಅದರ ಜಾಗಕ್ಕೆ ವೋಲ್ಟ್‌ಮೀಟರ್ ಬರಬೇಕು. ಡೈನಮೊ ಉಳಿಸಿಕೊಂಡ ಗಾಡಿಯಲ್ಲಿ ಮಾತ್ರ ಆಂಪ್‌ಮೀಟರನ್ನು ತೆಗೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಡೈನಮೊದ ಅಲ್ಪ ಶಕ್ತಿ ಸಾಲುತ್ತಿದೆಯೋ ಇಲ್ಲವೋ ಎಂದು ಕ್ಷಣಕ್ಷಣಕ್ಕೂ ಹೇಳುವ ಸಾಧನ ಬೇರೆ ಇಲ್ಲ. ವೋಲ್ಟ್‌ಮೀಟರನ್ನು ಹೆಚ್ಚುವರಿಯಾಗಿ ಹಾಕುವುದು ಸುಲಭ: ಇಗ್ನಿಷನ್ ಫ್ಯೂಸಿನಿಂದ ತೆಳು ವೈರು, ನಡುವೆ 2 ಆಂಪಿಯರ್ ಫ್ಯೂಸ್, ಇನ್ನೊಂದು ತುದಿ ಬಾಡಿಗೆ. ಹಳೆಯ ಇಗ್ನಿಷನ್ ಸ್ವಿಚ್ಚಿನಲ್ಲೇ ಅರ್ಧ ವೋಲ್ಟ್ ಇಳಿದಿರಬಹುದು. ಆದ್ದರಿಂದ ಒಮ್ಮೆ ಬ್ಯಾಟರಿಯ ಓದಿನೊಂದಿಗೆ ಹೋಲಿಸಿ, ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಮೀಟರು ಉಲ್ಟಾ ಜೋಡಿಸಿದ್ದಾರೋ ಎಂದು ತಿಳಿಯಲು ಎಂಜಿನ್ ಆಫ್ ಇರುವಾಗ ಹೆಡ್‌ಲೈಟ್ ಹಾಕಿ. ಮುಳ್ಳು ಮೈನಸ್ ಕಡೆ ಹೋಗಬೇಕು. ಪ್ಲಸ್‌ಗೆ ಹೋದರೆ ಬ್ಯಾಟರಿ ಬಿಚ್ಚಿ ಎರಡು ವೈರು ಅದಲುಬದಲು ಮಾಡಿ. ಮಾರಿಸ್ ಮೈನರ್‌ನಂಥ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿದ) ಗಾಡಿಯನ್ನು ನೆಗೆಟಿವ್ ಅರ್ಥ್ ಮಾಡಿದಾಗಲೂ ಮೀಟರಿನ ವೈರು ಹೀಗೇ ಬದಲಾಗಬೇಕು. ಆಗ ಡೈನಮೊಗೂ ಹೊಸ ಧ್ರುವ ಕಲಿಸಬೇಕು: ಎಫ್ ವೈರು ಬಿಚ್ಚಿ, ಬ್ಯಾಟರಿಯ ಲೈವ್‌ನಿಂದ ತಂದ ವೈರನ್ನು ಡೈನಮೊದ ಎಫ್ ಟರ್ಮಿನಲ್‌ಗೆ ಎರಡು ಮೂರು ಸಲ ಕ್ಷಣಮಾತ್ರ ತಾಗಿಸಿದರೆ ಸಾಕು. ಇದು ಲ್ಯೂಕಾಸ್ ಡೈನಮೊದ ಕ್ರಮ, ಆಲ್ಟರ್ನೇಟರಿಗೆ ಎಂದೂ ಮಾಡಬಾರದು.

ಸಣ್ಣ ಸೋರಿಕೆ ಹಿಡಿಯಲು ಆಂಪ್‌ಮೀಟರ್ ನಂಬಬೇಡಿ. 30 ಆಂಪಿಯರ್ ಮೀಟರಿನಲ್ಲಿ ಅರ್ಧ ಆಂಪಿಯರ್ ಮುಳ್ಳಿನ ದಪ್ಪದೊಳಗೇ ಅಡಗುತ್ತದೆ, ಆದರೆ 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಮೂರು ದಿನದೊಳಗೆ ಖಾಲಿ ಮಾಡುತ್ತದೆ. ಎಲ್ಲ ಆಫ್ ಮಾಡಿ, ಅರ್ಥ್ ಕೇಬಲ್ ತೆಗೆದು, ಕೇಬಲ್ಲಿಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ ಓದಿ. ಗಡಿಯಾರ ಇಲ್ಲದ ಗಾಡಿಯಲ್ಲಿ ಅಲ್ಲಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ, ಆಮೇಲೆ ಡಬ್ಬಿಯ ಡಿ ವೈರು, ಆಲ್ಟರ್ನೇಟರ್ ಇದ್ದರೆ ಅದರ ಪ್ಲಗ್. ಪ್ಲಗ್ ತೆಗೆದಾಗ ಸೋರಿಕೆ ನಿಂತರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಅದರ ಡಯೋಡ್ ಹೋಗಿದೆ. ಮಲ್ಟಿಮೀಟರ್ ಸೇರಿಸಿರುವಾಗ ಸೆಲ್ಫ್ ಹೊಡೆಯಬೇಡಿ, ಒಳಗಿನ ಫ್ಯೂಸ್ ಆ ಕ್ಷಣವೇ ಹಾರುತ್ತದೆ.